ಗೋಡೆಯಿಂದ ಗೋಡೆಗೆ

ಮುನಿಯಕ್ಕನ ಮಂಚ ರೂಮಿನೊಳಗೇನೋ ಹೋಯಿತು, ಆದರೆ ಹೋದ ಮೇಲೆ ರೂಮಿನ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯಲಿಲ್ಲ. ಗೃಹಪ್ರವೇಶಕ್ಕೆ ಕಟ್ಟಿದ ಬಾಳೆಕಂಬ ಇನ್ನೂ ಬಾಗಿಲಲ್ಲೇ ಬಾಡುತ್ತಿತ್ತು. ಮುನಿಯಕ್ಕನ ಕಿರಿಯ ಮಗ ಅಂಜನ್ ಮಂಚವನ್ನು ಕಿಟಕಿ ಕಡೆಗೆ ತಳ್ಳಿ ನೋಡಿದ, ಅಡ್ಡ ತಿರುಗಿಸಿ ನೋಡಿದ, ಕೊನೆಗೆ ಸಿಟ್ಟು ಬಂದು ಬಾಗಿಲನ್ನೇ ಮಂಚದ ಕಾಲಿಗೆ ಕುಟ್ಟಿ ನೋಡಿದ. ಅವರಪ್ಪ ವೆಂಕಟಪ್ಪ ಬದುಕಿದ್ದಾಗ ಮಾಡಿಸಿದ ಹೊನ್ನೆಮರದ ಮಂಚ ಅದು. ಬಾಗಿಲಿಗೆ ಏಟು ಬಿತ್ತೇ ಹೊರತು ಮಂಚಕ್ಕೆ ಏನೂ ಆಗಲಿಲ್ಲ.

"ಬಿಡೋ, ನಾನೇನು ಆನೆಯಾ. ಸಂದಿಯಾಗೆ ತೂರ್ಕಂಡು ಓಯ್ತೀನಿ," ಅಂದಳು ಮುನಿಯಕ್ಕ.

ಸೊಸೆ ಮಹಾಲಕ್ಷ್ಮಿಗೆ ಮಾತ್ರ ಸಮಾಧಾನವಾಗಲಿಲ್ಲ. "ಸಾವಿರದ ಮುನ್ನೂರ ನಲವತ್ತು ಅಡಿ ಮನೆ ಕಣ್ರೀ ಇದು. ಒಂದು ಮಂಚ ಹಿಡಿಯಲ್ಲ ಅಂದ್ರೆ ಏನರ್ಥ?"

"ಮಂಚಾನೇ ದೊಡ್ಡದು."

"ಹಳೇ ಮನೇಲೂ ಇದೇ ಮಂಚ ಅಲ್ವಾ ಇದ್ದಿದ್ದು? ಪಕ್ಕದಲ್ಲಿ ರಾಗಿಮೂಟೆ, ಅದರ ಪಕ್ಕ ಗ್ರೈಂಡರು, ಅದರ ಪಕ್ಕ ನಿಮ್ಮ ಮಗಳ ತೊಟ್ಟಿಲು."

"ಈಗೇನು ಮಾಡ್ಲಿ, ಮಂಚದ ಕಾಲು ಕುಯ್ಸ್ಲಾ?"

ಆ ರೂಮಿನ ಮೂಲೆಗೆಂದೇ ತಂದಿದ್ದ ಇನ್ನೊಂದು ಸಾಮಾನು ಹಾಲಿನಲ್ಲಿ ಕಾಯುತ್ತಿತ್ತು. ಎಂಟನೇ ಕ್ಲಾಸಿನ ಮಗಳು ಪಲ್ಲವಿಗೆ ಓದಿಕೊಳ್ಳುವ ಮೇಜು. ಅಜ್ಜಿಯ ಮಂಚ ಒಂದು ಕಡೆ, ಮೊಮ್ಮಗಳ ಮೇಜು ಒಂದು ಕಡೆ ಎಂದು ಮಹಾಲಕ್ಷ್ಮಿ ಮನೆ ಏಳುವ ಮೊದಲೇ ಮನಸ್ಸಿನಲ್ಲಿ ಜೋಡಿಸಿಟ್ಟುಬಿಟ್ಟಿದ್ದಳು. ಈಗ ಆ ಮೇಜನ್ನು ಬಾಲ್ಕನಿಗೆ ಹಾಕಿ ಪ್ಲಾಸ್ಟಿಕ್ ಹೊದಿಸಿದರು. ಪಲ್ಲವಿ ಹಾಲಿನ ನೆಲದ ಮೇಲೆ ಬೋರಲು ಮಲಗಿ ಹೋಂವರ್ಕ್ ಮಾಡತೊಡಗಿದಳು. ಅವಳನ್ನು ದಾಟಿಕೊಂಡು ಎಲ್ಲರೂ ಓಡಾಡಿದರು.

ಈ ಮನೆ ಇವರ ಪಾಲಿಗೆ ಬಂದ ಬಗೆಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಹೆಬ್ಬಗೋಡಿಯಲ್ಲಿ ವೆಂಕಟಪ್ಪನ ಹೆಂಚಿನ ಮನೆ, ಅದರ ಹಿಂದೆ ಹಿತ್ತಲು ಇತ್ತು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳು ಒಂದೊಂದಾಗಿ ಎದ್ದ ಹಾಗೆ ಸುತ್ತಲಿನ ಹಿತ್ತಲುಗಳೆಲ್ಲ ನಾಲ್ಕಂತಸ್ತಿನ ಕಟ್ಟಡಗಳಾದವು. ವೆಂಕಟಪ್ಪ ಹೋದ ಮೇಲೆ ಹಿರಿಯ ಮಗ ಮುರಳಿ ಒಬ್ಬ ಬಿಲ್ಡರನ್ನು ಹಿಡಿದು ತಂದ. ಜಾಗ ಕೊಟ್ಟಿದ್ದಕ್ಕೆ ಮನೆಯವರಿಗೆ ಮೊದಲನೇ ಅಂತಸ್ತಿನ ಎರಡು ಫ್ಲ್ಯಾಟು, ಉಳಿದವು ಬಿಲ್ಡರಿಗೆ ಎಂದು ಮಾತಾಯಿತು. ಮುರಳಿ ಮಾಡುತ್ತಿದ್ದುದೇ ಸೈಟು ಕೊಡಿಸುವ, ಬಿಡಿಸುವ ದಲ್ಲಾಳಿ ಕೆಲಸ. ಕಟ್ಟಡ ಮುಗಿಯುವವರೆಗೆ ಅವನು ಬಿಲ್ಡರಿನ ಆಫೀಸಿನಲ್ಲೇ ಕಾಫಿ ಕುಡಿದ. ಅಂಜನ್ ಕಂಪನಿಯೊಂದಕ್ಕೆ ಟೆಂಪೋ ಟ್ರಾವೆಲರ್ ಓಡಿಸುವವನು. ಬೆಳಗಿನ ಪಾಳಿಯವರನ್ನು ಇಳಿಸಿ ಸಂಜೆ ಪಾಳಿಯವರನ್ನು ಹತ್ತಿಸಿಕೊಳ್ಳುವುದರಲ್ಲೇ ಅವನ ದಿನ ಹೋಗುತ್ತಿತ್ತು.

ಬಣ್ಣ ಬಳಿಯುವ ಹೊತ್ತಿಗೆ ಪಾಲಿನ ಮಾತು ಬಂತು. ಈ ಕಡೆಯ ಒಕ್ಕಲು ಮನೆಗಳಲ್ಲಿ ಹಿಂದಿನಿಂದ ಒಂದು ಪದ್ಧತಿ ಉಂಟು. ಹಿರಿಯವನು ಪಾಲು ಮಾಡಬೇಕು, ಕಿರಿಯವನು ಮೊದಲು ಎತ್ತಿಕೊಳ್ಳಬೇಕು. ಹಾಗಿದ್ದರೆ ಪಾಲು ಮಾಡುವವನು ತಕ್ಕಡಿ ಸರಿಯಾಗಿ ಹಿಡಿಯುತ್ತಾನೆ ಎಂಬ ನಂಬಿಕೆ. ವೆಂಕಟಪ್ಪನ ಅಣ್ಣ ದೊಡ್ಡಮುನಿಯಪ್ಪನನ್ನು ಕರೆಸಿ ಕುರ್ಚಿ ಹಾಕಿ ಕೂರಿಸಿದರು. ಮುರಳಿ ಬಿಲ್ಡರು ಕೊಟ್ಟ ಕಾಗದ ಬಿಡಿಸಿ ಎಲ್ಲರಿಗೂ ಕೇಳುವ ಹಾಗೆ ಓದಿದ.

"ಲಿಫ್ಟಿನ ಈ ಕಡೆ ಮನೆ ಸಾವಿರದ ಮುನ್ನೂರ ನಲವತ್ತು ಅಡಿ. ಆ ಕಡೇದು ಸಾವಿರದ ಇನ್ನೂರ ಹತ್ತು. ದೊಡ್ಡಪ್ಪ, ತಮ್ಮ ಯಾವುದನ್ನ ಎತ್ಕೊಂಡ್ರೂ ನಂಗೆ ಬೇಜಾರಿಲ್ಲ."

ಅಲ್ಲಿದ್ದವರೆಲ್ಲ ತಲೆದೂಗಿದರು. ದೊಡ್ಡಮುನಿಯಪ್ಪ ಮುರಳಿಯ ಬೆನ್ನು ತಟ್ಟಿದ. "ನಮ್ಮ ಎಂಕಟಪ್ಪನ ಒಟ್ಟೆಯಾಗೆ ಉಟ್ಟಿದ್ದಕ್ಕೂ ಸಾರ್ಥಕ ಕಣಪ್ಪ," ಅಂದು ಒಂದು ಮಾತು ಸೇರಿಸಿದ: "ದೊಡ್ಡದು ತಕ್ಕಂಡೋರು ಮುನಿಯಕ್ಕನ್ನ ಇಟ್ಕಬೇಕು. ಇದಕ್ಕೆ ಒಪ್ಪಿಗೇನಾ?"

ಅಂಜನ್ ಹೆಂಡತಿಯ ಕಡೆ ನೋಡಿದ. ಮಹಾಲಕ್ಷ್ಮಿ ಕತ್ತು ಆಡಿಸಿದಳು. ಅತ್ತೆಗೊಂದು ರೂಮು ಆಗುತ್ತದೆ, ಮಗಳ ಮೇಜಿಗೊಂದು ಮೂಲೆ ಆಗುತ್ತದೆ ಎಂಬುದು ನಿಜವೇ. ಆದರೆ ಮುರಳಿಯ ಹೆಂಡತಿ ವೇಣಿಯ ಮನೆಗಿಂತ ತನ್ನ ಮನೆ ದೊಡ್ಡದು ಎಂಬ ಸಂತೋಷ ಇದ್ದದ್ದೂ ಅಷ್ಟೇ ನಿಜ. ಆ ವಾರವೆಲ್ಲ ಅವಳು ಫೋನಿನಲ್ಲಿ ಚಿಕ್ಕಬಾಣಾವರದ ತವರಿಗೆ ಅದನ್ನೇ ಹೇಳಿದಳು. ಮನೆಯ ಒಳಗೆ ಹೋಗಿ ಒಂದು ಸಲ ಕೈಚಾಚಿ ನೋಡೋಣ ಎಂದು ಗಂಡನಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ನೆಲವನ್ನು ಅಡಿ ಲೆಕ್ಕದಲ್ಲಿ ಮಾರಿಕೊಂಡು ಬಂದ ಊರು ಅದು. ಅಡಿ ಅಂದರೆ ಅಡಿಯೇ, ಅದರಲ್ಲಿ ಬೇರೆ ಬೇರೆ ಜಾತಿ ಇದೆ ಎಂದು ಯಾರಿಗೆ ಗೊತ್ತು.

ಹೊಸಮನೆಯ ಮೊದಲ ವಾರಗಳು ಎಲ್ಲರ ಮೊಣಕಾಲಿಗೆ, ಹೆಬ್ಬೆರಳಿಗೆ ಪೆಟ್ಟು ಬೀಳುವುದರಲ್ಲೇ ಕಳೆದವು. ಮುನಿಯಕ್ಕನಿಗೆ ಮುದ್ದೆ ತೊಳಸಬೇಕಾದರೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಪಾತ್ರೆಯನ್ನು ಪಾದದಿಂದ ಒತ್ತಿ ಹಿಡಿದೇ ಅಭ್ಯಾಸ. ಇಲ್ಲಿ ಅವಳು ಕೂತರೆ ಫ್ರಿಜ್ಜಿನ ಬಾಗಿಲು ತೆರೆಯುತ್ತಿರಲಿಲ್ಲ.

"ಅತ್ತೆ, ಸ್ವಲ್ಪ ಏಳಿ, ಮೊಸರು ತಗೋಬೇಕು."

"ಇನ್ನೊಂದ್ ಗಳಿಗೆ ತಡಿ, ಗಂಟಾಯ್ತದೆ ಇಟ್ಟು."

"ಅವ್ರಿಗೆ ಟ್ರಿಪ್ಪಿಗೆ ಹೊತ್ತಾಯ್ತು."

"ಅಂಗಾದ್ರೆ ನೀನೇ ನಿಂತ್ಕಂಡು ತೊಳ್ಸು. ನಿಂತ್ಕಂಡು ಮಾಡಿದ ಮುದ್ದೆ ನಿಂತ್ಕಂಡೇ ಉಣ್ಣಿ."

ಎದುರು ಬಾಗಿಲಿನ ಕಥೆ ಬೇರೆ. ಮುರಳಿ ತನ್ನ ಮನೆಯ ಮೂರನೇ ರೂಮನ್ನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕಿದ್ದ ಇಬ್ಬರು ಹುಡುಗಿಯರಿಗೆ ಬಾಡಿಗೆಗೆ ಕೊಟ್ಟುಬಿಟ್ಟಿದ್ದ. ಅಲ್ಲಿ ಎರಡು ಮಂಚ, ಎರಡು ಬೀರು, ಒಂದು ಮೇಜು ಹಿಡಿದಿದ್ದವು. ಹುಣ್ಣಿಮೆಗೆ ಒಬ್ಬಟ್ಟು ಕೊಡಲು ಹೋದಾಗ ಮಹಾಲಕ್ಷ್ಮಿ ಅದನ್ನು ಕಣ್ಣಾರೆ ನೋಡಿ ಬಂದಳು. ಬಂದವಳೇ ಗಂಡನಿಗೆ, "ಅಕ್ಕ ಹ್ಯಾಗೆ ಜೋಡಿಸಿದಾರೆ ನೋಡಿ, ನಮ್ಗೆ ಜೋಡಿಸೋಕೆ ಬರಲ್ಲ," ಅಂದಳು. ಆಗಲೂ ತಪ್ಪು ತನ್ನ ಕೈಯದ್ದು ಎಂದೇ ಅವಳ ನಂಬಿಕೆ.

ಮುನಿಯಕ್ಕ ಬೆಳಿಗ್ಗೆ ಗಂಜಿ ಕುಡಿದು ಕಟ್ಟಡದ ಹಿಂದೆ ಬೈರಪ್ಪ ಎಂಬವನು ಕೂಲಿಯವರಿಗೆ ಬಾಡಿಗೆಗೆ ಕೊಟ್ಟಿದ್ದ ಸಾಲುರೂಮಿಗೆ ಹೋಗಿಬಿಡುತ್ತಿದ್ದಳು. ಅಲ್ಲಿ ಮರೆವ್ವ ಇದ್ದಳು. ಇದೇ ಕಟ್ಟಡಕ್ಕೆ ಇಟ್ಟಿಗೆ ಹೊರಲು ಗಂಡ ಭೀಮಪ್ಪನ ಜೊತೆ ಯಾದಗಿರಿ ಕಡೆಯಿಂದ ಬಂದವಳು, ಕೆಲಸ ಮುಗಿದ ಮೇಲೂ ಬೇರೆ ಕಟ್ಟಡ ಹಿಡಿದು ಇಲ್ಲೇ ಉಳಿದುಕೊಂಡಿದ್ದಳು. ಗಾರೆ ಕಲಸುತ್ತಿದ್ದ ಕಾಲದಲ್ಲಿ ಮುನಿಯಕ್ಕ ಅವಳಿಗೆ ನೀರುಮಜ್ಜಿಗೆ ಕೊಟ್ಟದ್ದು, ಅವಳು ಮುನಿಯಕ್ಕನಿಗೆ ಜೋಳದ ರೊಟ್ಟಿ ಕೊಟ್ಟದ್ದು, ಹೀಗೆ ಬೆಳೆದ ಸ್ನೇಹ. ಕೆಲಸವಿಲ್ಲದ ದಿನ ಇಬ್ಬರೂ ಬಾಗಿಲಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

ಅಂಜನ್ ಇನ್ನೊಂದು ಗಾಡಿ ತೆಗೆದುಕೊಳ್ಳುವ ಯೋಚನೆ ಮಾಡಿ, ಮನೆಯ ಮೇಲೆ ಸಾಲ ಕೇಳಿದ. ಅದಕ್ಕೆ ಬ್ಯಾಂಕಿನವರು ಅಳತೆಗೆಂದು ಒಬ್ಬ ಇಂಜಿನಿಯರನ್ನು ಕಳಿಸಿದರು. ಹೆಸರು ರಾಮಾಂಜಿನಪ್ಪ, ಅತ್ತಿಬೆಲೆ ಕಡೆಯವನು. ಬಂದವನು ಒಂದು ಸಲ ಸುತ್ತ ಕಣ್ಣಾಡಿಸಿ, "ಈ ಮನೆಗೆ ಬಂದಂಗಿದೆಯಲ್ಲ," ಅಂದುಕೊಂಡ. ಆಮೇಲೆ ಅಂಗೈಯಷ್ಟಗಲದ ಯಂತ್ರ ತೆಗೆದು ಗೋಡೆಗೆ ಆನಿಸಿ ಗುಂಡಿ ಒತ್ತಿದ. ಎದುರು ಗೋಡೆಯ ಮೇಲೆ ಕೆಂಪು ಚುಕ್ಕೆ ಕೂತಿತು. ಪಲ್ಲವಿ ಹೋಂವರ್ಕ್ ಬಿಟ್ಟು ಆ ಚುಕ್ಕೆಯ ಹಿಂದೆಯೇ ಓಡಾಡಿದಳು. ಮುನಿಯಕ್ಕ ಮಂಚದ ಮೇಲೆ ಕಾಲು ಮಡಚಿಕೊಂಡು ಅವನಿಗೆ ದಾರಿ ಬಿಟ್ಟಳು.

ಬೇಗ ಬೇಗ ಕೆಲಸ ಮುಗಿಸಿ ಅವನು ಕಾಫಿಗೆ ಕೂತ. ಮಹಾಲಕ್ಷ್ಮಿ ಸುಮ್ಮನೆ ಮಾತಿಗೆ, "ಎಷ್ಟು ಬಂತು ಸಾರ್?" ಅಂದಳು.

"ಎಂಟುನೂರ ಎಂಬತ್ತು."

"ಒಂದು ರೂಮು ಬಿಟ್ಟುಹೋಗಿರ್ಬೇಕು ನೋಡಿ. ನಮ್ದು ಸಾವಿರದ ಮುನ್ನೂರ ನಲವತ್ತು."

ರಾಮಾಂಜಿನಪ್ಪನಿಗೆ ಈ ಮಾತು ದಿನವೂ ಕೇಳಿ ಅಭ್ಯಾಸ. ಬೇಸರವಿಲ್ಲದೆ ಹೇಳಿದ: "ಅದು ಬಿಲ್ಡರ್ ಅಳತೆ ಮೇಡಂ. ಅದರಲ್ಲಿ ಗೋಡೆ ಸೇರುತ್ತೆ, ಮೆಟ್ಲು, ಲಿಫ್ಟು, ಹೊರಗಡೆ ಲಾಬಿ, ಕೆಳಗಡೆ ಜನರೇಟರ್ ರೂಮು, ಸೆಕ್ಯುರಿಟಿ ಗೂಡು, ಎಲ್ಲ ಸೇರುತ್ತೆ. ನಾವು ಬ್ಯಾಂಕಿಗೆ ಅಳೆಯೋದು ಒಳಗೋಡೆಯಿಂದ ಒಳಗೋಡೆಗೆ. ಗಿಲಾವು ಮುಟ್ಟಿ ಅಳೀತೀವಿ. ನೀವು ಚಾಪೆ ಹಾಸಬಹುದಾದ ಜಾಗ ಅಷ್ಟೇ."

"ಲಾಬಿ ಎಲ್ಲರ್ದೂ ಅಲ್ವಾ ಸಾರ್?" ಅಂದ ಅಂಜನ್.

"ಓಡಾಡೋಕೆ ಎಲ್ಲರ್ದೂ. ಲೆಕ್ಕಕ್ಕೆ ಯಾರ ಮೇಲೆ ಹಾಕ್ತಾರೆ ಅನ್ನೋದು ಬಿಲ್ಡರ್ ಇಷ್ಟ. ಈ ಫ್ಲೋರಿನ ಲಾಬಿ ಪೂರ್ತಿ ನಿಮ್ಮ ಮನೆ ಮೇಲೇ ಹಾಕಿದಾನೆ. ಇಂಥದ್ದು ಸೇರಿಸ್ಬೇಕು, ಇಂಥದ್ದು ಬಿಡ್ಬೇಕು ಅಂತ ಅವನನ್ನ ಕೇಳೋರು ಯಾರೂ ಇಲ್ವಲ್ಲ."

ಒಳಗಿನಿಂದ ಮುನಿಯಕ್ಕ ಕೇಳಿದಳು: "ಅಂಗಂದ್ರೆ ಆಚೆ ಇರೋ ಜಾಗಾನೂ ನಮ್ ಅಡಿನಾಗೆ ಸೇರೈತಾ ಸ್ವಾಮಿ?"

"ಸೇರಿದೆ ಅಮ್ಮ, ಪೇಪರಲ್ಲಿ."

"ನಮ್ ಕಾಲದಾಗೆ ಎಷ್ಟಂಕಣದ ಮನೆ ಅಂತಿದ್ರು. ಎರಡು ಕಂಬದ ಮಧ್ಯೆ ಎಷ್ಟು ಜನ ಮಲಗ್ತಾರೋ ಅದು ಅಂಕಣ. ಮೆಟ್ಲುಗೆಲ್ಲ ಲೆಕ್ಕ ಇರ್ಲಿಲ್ಲ."

ಅಳತೆಯವನು ನಕ್ಕ. ಮಹಾಲಕ್ಷ್ಮಿ ನಗಲಿಲ್ಲ. ಅವಳ ಕಣ್ಣ ಮುಂದೆ ಎದುರು ಮನೆಯ ಮೂರನೇ ರೂಮು, ಎರಡು ಮಂಚ, ಎರಡು ಬೀರು ಬಂದು ನಿಂತಿದ್ದವು.

"ಎದುರು ಮನೆ ಒಳಗಡೆ ಎಷ್ಟಿರ್ಬಹುದು ಸಾರ್?"

"ಒಂಬೈನೂರ ನಲವತ್ತು."

"ಅಳೀದೇ ಹೇಳ್ತಿದ್ದೀರಲ್ಲ."

"ಅಳೆದಿದ್ದೀನಲ್ಲ ಮೇಡಂ. ಈಗ ನೆನಪಾಯ್ತು. ಗಿಲಾವು ಮುಗಿದ ವಾರಾನೇ ಮುರಳಿ ಸಾರ್ ನನ್ನ ಕರ್ಸಿದ್ರು. ಎರಡು ಮನೇನೂ ಅಳಿಸಿದ್ರು." ಅವನು ಗಂಡಹೆಂಡಿರ ಮುಖ ನೋಡಿದ. "ನಿಮ್ಗೆ ಹೇಳಿಲ್ವಾ?"

ಅಂಜನ್ ಕಾಫಿ ಲೋಟವನ್ನು ನೆಲಕ್ಕಿಟ್ಟ. ರಾಮಾಂಜಿನಪ್ಪ ತನ್ನ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು, ಇನ್ನೂ ಎರಡು ಕಡೆ ಹೋಗಬೇಕು ಎಂದು ಎದ್ದ.

ಜಗಳ ಅವತ್ತು ಸಂಜೆಯೇ ಆಯಿತು, ಎರಡು ಬಾಗಿಲುಗಳ ನಡುವಿನ ಲಾಬಿಯಲ್ಲಿ. ಮುರಳಿ ಲಿಫ್ಟಿನಿಂದ ಹೊರಗೆ ಕಾಲಿಡುವುದನ್ನೇ ಅಂಜನ್ ಕಾಯುತ್ತಿದ್ದ.

"ಎರಡೂ ಮನೆ ಅಳಿಸಿದ್ಯಂತಲ್ಲ ಅಣ್ಣ, ಪಾಲು ಮಾಡೋ ಮೊದ್ಲೇ."

ಮುರಳಿ ಕೀಲಿ ಹುಡುಕುತ್ತ, "ಹೂಂ, ಅಳಿಸಿದ್ದೆ. ನನ್ನ ವ್ಯವಹಾರಾನೇ ಅದು," ಅಂದ.

"ನಂಗ್ಯಾಕೆ ಹೇಳಿಲ್ಲ?"

"ನೀನು ಕೇಳಿದ್ಯಾ? ಮೊದಲು ಎತ್ಕೊಂಡೋನು ನೀನು. ನಾನು ಕೈ ಹಿಡಿದು ಎತ್ಸಿದ್ನಾ?"

"ದೊಡ್ಡ ನಂಬರ್ ನೋಡಿ ಇವ್ನು ಬೀಳ್ತಾನೆ ಅಂತ ಗೊತ್ತಿತ್ತು ನಿಂಗೆ."

ಬಾಗಿಲು ತೆಗೆದು ವೇಣಿ ಬಂದಳು. "ಮೈದುನ್ರೇ, ಎದೆ ಮುಟ್ಟಿ ಹೇಳಿ. ದೊಡ್ಡ ನಂಬರ್ ನಮ್ಗೆ ಬಂದಿದ್ರೆ ನೀವು ನಮ್ಮನೆ ಒಳಗೆ ಬಂದು ಅಳೀತಿದ್ರಾ?"

ಮಹಾಲಕ್ಷ್ಮಿ ಗಂಡನನ್ನು ದಾಟಿ ಮುಂದೆ ಬಂದಳು. ಅವಳ ದನಿ ಏರಿತು. "ಅಕ್ಕ, ಮಾತು ತಿರುಗಿಸ್ಬೇಡಿ. ದೊಡ್ಡಪ್ಪ ಏನಂದ್ರು? ದೊಡ್ಡ ಮನೆ ತಗೊಂಡೋರು ಅತ್ತೇನ ಇಟ್ಕೋಬೇಕು ಅಂದ್ರು. ದೊಡ್ಡ ಮನೆ ಯಾರ್ದು ಈಗ?"

ಮುಂದಿನ ಭಾನುವಾರ ದೊಡ್ಡಮುನಿಯಪ್ಪನನ್ನು ಮತ್ತೆ ಕರೆಸಿದರು. ಮಹಾಲಕ್ಷ್ಮಿ ನಾಟಿಕೋಳಿ ಸಾರು ಮಾಡಿದಳು. ಹಾಲಿನಲ್ಲಿ ಮೂವರು ಗಂಡಸರು ಸಾಲಾಗಿ ಕೂತರೆ ನಾಲ್ಕನೆಯ ಎಲೆಗೆ ಜಾಗವಿರಲಿಲ್ಲ. ವೇಣಿ ಅಡುಗೆಮನೆ ಬಾಗಿಲಲ್ಲಿ ನಿಂತಳು. ಮುನಿಯಕ್ಕ ತನ್ನ ತಟ್ಟೆಯನ್ನು ರೂಮಿಗೆ ತೆಗೆದುಕೊಂಡು ಹೋಗಿ ಮಂಚದ ಮೇಲೆ ಕೂತಳು. ಗಾಳಿಗೆಂದು ಅವಳು ಬಾಗಿಲು ಹಾಕುತ್ತಿರಲಿಲ್ಲ.

ದೊಡ್ಡಮುನಿಯಪ್ಪ ಮೂಳೆ ಚೀಪುತ್ತ ಎಲ್ಲವನ್ನೂ ಕೇಳಿಸಿಕೊಂಡ. ಒಳಗೋಡೆ, ಹೊರಗೋಡೆ, ಲಾಬಿ ಎಂಬ ಮಾತುಗಳು ಅವನಿಗೆ ಹತ್ತಲಿಲ್ಲ. "ಅಳತೆ ಅಂದ್ಮೇಲೆ ಒಂದೇ ಅಲ್ವೇನಪ್ಪ ಇರಾದು? ನೀನು ಓದಿದ್ದು ಒಂದು, ಈಗ ಇವ್ರು ಏಳ್ತಾ ಇರಾದು ಇನ್ನೊಂದು."

"ಪೇಪರಲ್ಲಿರೋದೇ ಅಳತೆ ದೊಡ್ಡಪ್ಪ," ಅಂದ ಮುರಳಿ. "ನಾಳೆ ಇವ್ನು ಮಾರಿದ್ರೂ ಸಾವಿರದ ಮುನ್ನೂರ ನಲವತ್ತು ಅಡಿ ಅಂತಾನೇ ಮಾರ್ತಾನೆ. ಎಂಟುನೂರ ಎಂಬತ್ತು ಅಂತ ಮಾರ್ತೀಯೇನೋ? ಹೇಳು ನೋಡಣ."

ಅಂಜನ್ ತಲೆ ತಗ್ಗಿಸಿ ಅನ್ನ ಕಲಸಿದ. ಆ ಮಾತು ನಿಜವಾಗಿತ್ತು.

"ಮಾರೋ ಮಾತು ಬೇರೆ, ಬಾಳೋ ಮಾತು ಬೇರೆ ಭಾವ," ಅಂದಳು ಮಹಾಲಕ್ಷ್ಮಿ. "ನಮ್ಗೆ ಅರವತ್ತು ಅಡಿ ಕಮ್ಮಿ. ಲಾಬೀಲಿ ಸಂಸಾರ ಮಾಡೋಕಾಗುತ್ತಾ? ಅಳತೆ ಪ್ರಕಾರ ಅತ್ತೆ ನಿಮ್ಮನೆಗೆ ಬರ್ಬೇಕು."

"ರೂಮು ಹುಡುಗೀರಿಗೆ ಕೊಟ್ಟಾಗಿದೆ. ಈಗ ಎಬ್ಸೋಕಾಗಲ್ಲ."

"ಅಂದ್ರೆ ಬಾಡಿಗೆ ನಿಮ್ಗೆ, ಅತ್ತೆ ನಮ್ಗೆ."

"ಒಪ್ಕೊಂಡಿದ್ದು ನೀವೇ ಅಲ್ವಾ? ಅಮ್ಮ ನಿಮ್ಮ ಪಾಲಿಗೆ ಬಂದಿರೋದು."

"ತಪ್ಪು ಅಳತೆ ಮೇಲೆ ಬಂದಿರೋದು. ವಾಪಸ್ ಕರ್ಕೊಳ್ಳಿ."

ಇಷ್ಟು ಹೇಳಿ ಸಾರಿನ ಪಾತ್ರೆ ಎತ್ತಿಕೊಂಡು ತಿರುಗಿದವಳಿಗೆ ರೂಮಿನ ಬಾಗಿಲು ಕಂಡಿತು. ಅರ್ಧ ತೆರೆದ ಬಾಗಿಲಿನ ಸಂದಿಯಲ್ಲಿ ಮುನಿಯಕ್ಕನ ಅರ್ಧ ಮುಖ ಇತ್ತು. ತಟ್ಟೆ ತೊಡೆಯ ಮೇಲೇ ಇತ್ತು, ಮುದ್ದೆಯನ್ನು ಮುರಿದಿರಲಿಲ್ಲ. ಮಹಾಲಕ್ಷ್ಮಿಗೆ ಕಿವಿಯವರೆಗೂ ಬಿಸಿಯಾಯಿತು. ಅತ್ತೆಯ ಮೇಲೆ ಅವಳಿಗೆ ದ್ವೇಷವಿರಲಿಲ್ಲ. ಬಾಣಂತನದಲ್ಲಿ ಮೂರು ತಿಂಗಳು ತಲೆಗೆ ನೀರು ಹಾಕಿದ ಕೈ ಅದು. ಅವಳು ಕಾದಾಡುತ್ತಿದ್ದುದು ಭಾವನ ಮೋಸದ ಮೇಲೆ. ಆದರೆ ಮೋಸಕ್ಕೆ ಹೊಡೆಯಲು ಕೈಗೆ ಸಿಕ್ಕಿದ್ದು ಮುದುಕಿ.

"ಸಾರು ಬಿಸಿ ಮಾಡಿ ತರ್ಲಾ ಅತ್ತೆ?"

"ಬ್ಯಾಡ. ಆರಿದ್ರೂ ಉಣ್ತೀನಿ," ಅಂದಳು ಮುನಿಯಕ್ಕ.

ದೊಡ್ಡಮುನಿಯಪ್ಪ ಯಾವ ತೀರ್ಮಾನವನ್ನೂ ಕೊಡಲಿಲ್ಲ. ಎಲೆ ಅಡಿಕೆ ಹಾಕಿಕೊಂಡು, ಕಾಲ ಕೆಟ್ಟುಹೋಯಿತು ಅಂದು, ಲಿಫ್ಟು ಬೇಡವೆಂದು ಮೆಟ್ಟಿಲಿಳಿದು ಹೋದ.

ಮಾರನೆಯ ದಿನ ಮಹಾಲಕ್ಷ್ಮಿ ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಬರುವಷ್ಟರಲ್ಲಿ ಮಂಚ ಲಾಬಿಯಲ್ಲಿತ್ತು. ಭೀಮಪ್ಪ ಒಂದು ಕಡೆ, ಮರೆವ್ವ ಒಂದು ಕಡೆ ಹಿಡಿದು ತಂದಿಟ್ಟಿದ್ದರು. ಲಿಫ್ಟಿಗೂ ಕಿಟಕಿಗೂ ನಡುವೆ, ಎರಡು ಬಾಗಿಲಿಗೂ ಸರಿಸಮ ದೂರದಲ್ಲಿ, ಮುನಿಯಕ್ಕ ಅದರ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು.

"ಇದೇನತ್ತೆ ಇದು?"

"ಇಲ್ಲಿ ಗಾಳಿ ಚೆನ್ನಾಗೈತೆ."

"ಜನ ಓಡಾಡೋ ಜಾಗ ಇದು."

"ಅಳತೆ ಮಾಡಾಕೆ ಬಂದಿದ್ದ ಆ ಯಪ್ಪ ಏಳ್ಲಿಲ್ವಾ? ನಿನ್ ಅಡಿನಾಗೆ ಸೇರೈತೆ ಅಂದ. ನಾನು ನಿನ್ ಪಾಲಿಗೆ ಬಂದೋಳು. ನಿನ್ ಜಾಗದಾಗೇ ಇವ್ನಿ, ಬೇರೇರ್ ಜಾಗದಾಗೇನಿಲ್ಲ."

ಮರೆವ್ವ ಸೆರಗು ಸಿಕ್ಕಿಸಿಕೊಳ್ಳುತ್ತ, "ಸಿಟ್ಟಾಗಬ್ಯಾಡ್ರಿ ಅಕ್ಕಾರ. ಹಿರೇರು ಹೇಳಿದ್ರು, ಇಟ್ಟೀವ್ರಿ," ಅಂದಳು.

ಅತ್ತೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಬೇಕಿತ್ತು. ಮಹಾಲಕ್ಷ್ಮಿ ಕರೆದಳು ಕೂಡ, ಆದರೆ ಎಲ್ಲರೂ ಒಂದು ಸಲ ಕರೆಯುವ ಹಾಗೆ ಕರೆದು ಬಿಟ್ಟಳು. ಮೇಲಿನ ಅಂತಸ್ತಿನವರು ಮೆಟ್ಟಿಲಿಳಿಯುತ್ತ ನಿಂತು ನೋಡುವುದು, ವೇಣಿ ಬಾಗಿಲು ತೆರೆದು ತಕ್ಷಣ ಮುಚ್ಚಿಕೊಳ್ಳುವುದು, ಬಾಡಿಗೆ ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ಅಜ್ಜಿಯನ್ನು ಬಳಸಿಕೊಂಡು ಹೋಗುವುದು, ಇದೆಲ್ಲ ಅವಳಿಗೆ ಒಳಗೊಳಗೇ ಹಿತವಾಗಿತ್ತು. ನೋಡಲಿ ಜನ, ಮುರಳಿಯ ಮರ್ಯಾದೆ ಎಷ್ಟು ಅಡಿ ಇದೆ ಅಂತ. ಅವಳು ಅತ್ತೆಯ ಊಟವನ್ನು ಒಳ್ಳೆಯ ಸ್ಟೀಲ್ ತಟ್ಟೆಯಲ್ಲಿ, ಮೇಲೊಂದು ಚಮಚ ತುಪ್ಪ ಹಾಕಿ, ಎಲ್ಲರೂ ಬರುವ ಹೋಗುವ ಹೊತ್ತಿಗೇ ಲಾಬಿಗೆ ತಂದುಕೊಡುತ್ತಿದ್ದಳು.

"ಅಮ್ಮ, ಒಳಗೆ ಬಾ," ಎಂದು ಅಂಜನ್ ಟ್ರಿಪ್ಪು ಮುಗಿಸಿ ಬಂದಾಗಲೆಲ್ಲ ಅನ್ನುತ್ತಿದ್ದ.

"ಯಾವ ಒಳಗೆ?" ಅನ್ನುತ್ತಿದ್ದಳು ಮುನಿಯಕ್ಕ. ಅವನು ಬೂಟು ಬಿಚ್ಚಿ ತಾನೊಬ್ಬನೇ ಒಳಗೆ ಹೋಗುತ್ತಿದ್ದ.

ಪಲ್ಲವಿಗೆ ಮಾತ್ರ ಇದರಲ್ಲಿ ಲಾಭವಾಯಿತು. ಅಜ್ಜಿಯ ಮಂಚದ ಮೇಲೆ ಪುಸ್ತಕ ಹರಡಿಕೊಂಡು ಲಾಬಿಯ ಕಿಟಕಿ ಬೆಳಕಿನಲ್ಲಿ ಲೆಕ್ಕ ಮಾಡುತ್ತಿದ್ದಳು. ಅಷ್ಟು ಚೆನ್ನಾಗಿ ಓದಿಕೊಳ್ಳುವ ಜಾಗ ಅವಳಿಗೆ ಆ ಮನೆಯಲ್ಲಿ ಸಿಕ್ಕಿರಲಿಲ್ಲ.

ದೂರು ಹೋಗಲು ಹೆಚ್ಚು ದಿನ ಬೇಕಾಗಲಿಲ್ಲ. ಕಟ್ಟಡದ ಅಸೋಸಿಯೇಷನ್ನಿಗೆ ಸೆಕ್ರೆಟರಿ ಮುರಳಿಯೇ. ಮೂರನೇ ಅಂತಸ್ತಿನವರು ಅವನನ್ನೇ ಪಾರ್ಕಿಂಗಿನಲ್ಲಿ ನಿಲ್ಲಿಸಿ ಕೇಳಿದರು. ಮೀಟಿಂಗು ನಡೆಯಿತು. ಮರುದಿನ ಸೆಕ್ಯುರಿಟಿಯ ಸಿದ್ರಾಮ ಒಂದು ಕಾಗದ ತಂದು ಅಂಜನ್ ಮನೆಯ ಬೆಲ್ ಒತ್ತಿದ. ಮುಖ ಎತ್ತದೆ ಕೊಟ್ಟು ಹೋದ. ಮಂಚದ ಮೇಲಿದ್ದ ಮುನಿಯಕ್ಕ, "ಏನಂತೆ, ಓದು," ಅಂದಳು.

ಮಹಾಲಕ್ಷ್ಮಿ ಓದಿದಳು: "ಎಲ್ಲರಿಗೂ ಸೇರಿದ ಜಾಗದಲ್ಲಿ ಇಟ್ಟಿರುವ ಸಾಮಾನನ್ನು ಕೂಡಲೇ ತೆರವು ಮಾಡತಕ್ಕದ್ದು. ಇಲ್ಲವಾದರೆ ಅಸೋಸಿಯೇಷನ್ ವತಿಯಿಂದ ತೆರವು ಮಾಡಿಸಲಾಗುವುದು."

"ಸಾಮಾನು ಅಂದ್ರೆ?"

"ಮಂಚ ಅತ್ತೆ."

"ಮಂಚ ಒಂದೇನಾ?"

ಮಹಾಲಕ್ಷ್ಮಿ ಕಾಗದ ಮಡಚಿದಳು.

"ಮುರಳೀನೇ ಸೈನ್ ಆಕವ್ನಾ?"

"ಹೂಂ, ಭಾವಾನೇ."

ಇದನ್ನು ಹೇಳುವ ಗಳಿಗೆಗಾಗಿ ಅವಳು ಇಷ್ಟು ದಿನ ಕಾದಿದ್ದಳು. ಹೇಳಿದಾಗ ಬಾಯಿ ಕಹಿಯಾಯಿತು. ಮುನಿಯಕ್ಕ ಸೆರಗಿನಿಂದ ಮಂಚದ ಮೇಲಿನ ಧೂಳು ಒರೆಸಿದಳು, ಎಲ್ಲಿಯೂ ಧೂಳಿರಲಿಲ್ಲ. "ಬಿಲ್ಡರು ಮೆಟ್ಲು, ಲಿಫ್ಟು ಸೇರಿಸ್ಕಂಡಂಗೆ ನನ್ನ ಸೇರಿಸ್ಕಂಡ್ರಿ ಎಲ್ರೂ. ಲೆಕ್ಕದಾಗೆ ಇವ್ನಿ. ಮನೆಯಾಗೆ ಇಲ್ಲ," ಅಂದಳು. ಬೈದ ಹಾಗಿರಲಿಲ್ಲ. ಸಾರಿಗೆ ಉಪ್ಪು ಕಮ್ಮಿ ಎಂದು ಹೇಳಿದ ದನಿಯಲ್ಲೇ ಹೇಳಿದಳು.

ಭಾನುವಾರ ಬೆಳಿಗ್ಗೆ ಅಣ್ಣತಮ್ಮ ಇಬ್ಬರೂ ಲಾಬಿಗೆ ಬಂದರು. ಜಗಳವಾದ ಮೇಲೆ ಇಬ್ಬರೂ ಜಗಳವಿಲ್ಲದೆ ಮಾತಾಡಿದ್ದು ಅವತ್ತೇ ಮೊದಲು.

"ನೀನು ಆ ಕಡೆ ಹಿಡ್ಕೋ," ಅಂದ ಮುರಳಿ.

"ಭಾರ ಇದೆ, ನೋಡ್ಕೊಂಡು," ಅಂದ ಅಂಜನ್.

ಮುನಿಯಕ್ಕ ದಿಂಬು ಕಂಕುಳಲ್ಲಿಟ್ಟುಕೊಂಡು ಪಕ್ಕಕ್ಕೆ ನಿಂತಳು. ಇಬ್ಬರೂ ಮಂಚ ಎತ್ತಿದರು. ಎತ್ತಿದ ಮೇಲೆ ಮುರಳಿ ತಮ್ಮನ ಬಾಗಿಲು ನೋಡಿದ. ಅಂಜನ್ ಅಣ್ಣನ ಬಾಗಿಲು ನೋಡಿದ. ವೇಣಿ ಒಂದು ಹೊಸ್ತಿಲಲ್ಲಿ ನಿಂತಿದ್ದಳು, ಮಹಾಲಕ್ಷ್ಮಿ ಇನ್ನೊಂದರಲ್ಲಿ. ಯಾರೂ ಪಕ್ಕಕ್ಕೆ ಸರಿಯಲಿಲ್ಲ. ಹೊನ್ನೆಮರದ ಭಾರಕ್ಕೆ ಇಬ್ಬರ ಕೈಯ ನರಗಳೂ ಉಬ್ಬಿದವು.

"ಎಲ್ಲಿಗೆ?" ಅಂದ ಅಂಜನ್ ಕೊನೆಗೆ.

"ಕೆಳಕ್ಕೆ ಇಳಿಸ್ರಿ," ಅಂದಳು ಮುನಿಯಕ್ಕ. "ಬೈರಪ್ಪನ ಸಾಲುಮನೆಯಾಗೆ ಮರೆವ್ವನ ಪಕ್ಕದ ರೂಮು ಖಾಲಿ ಐತೆ. ನೆನ್ನೇನೇ ಮಾತಾಡ್ಕಂಡು ಬಂದಿವ್ನಿ. ಎಷ್ಟಡಿ ಅಂತ ನಾನೂ ಕೇಳ್ಲಿಲ್ಲ, ಅವ್ನೂ ಏಳ್ಲಿಲ್ಲ. ಮೂರು ಜನ ಮಲಗಬೋದು ಅಂದ. ಒಂದಂಕಣ. ಸಾಕು ನಂಗೆ."

"ಅಲ್ಲಿ ಕೂಲಿಯವ್ರು ಇರೋದಮ್ಮ," ಅಂದ ಮುರಳಿ. "ಜನ ಏನಂತಾರೆ?"

"ಬಾಡಿಗೆ ನೀವಿಬ್ರೂ ಕೊಡಿ. ಅದನ್ನಾದ್ರೂ ಸಮವಾಗಿ ಅಂಚ್ಕಳಿ."

ಬೇಡಮ್ಮ ಅನ್ನುವುದಕ್ಕೆ ಇಬ್ಬರಿಗೂ ಹೊತ್ತಿತ್ತು. ಮಂಚ ಕೈಯಲ್ಲಿ ಹಿಡಿದೇ ಇದ್ದರು. ಮಹಾಲಕ್ಷ್ಮಿ ತನ್ನ ಗಂಡ ಅನ್ನುತ್ತಾನೆ ಎಂದುಕೊಂಡಳು, ಗಂಡ ಅನ್ನದಿದ್ದರೆ ತಾನು ಅನ್ನಬೇಕು ಎಂದುಕೊಂಡಳು. ವೇಣಿ ಮೊದಲು ಅನ್ನಲಿ, ಮೊದಲು ಅಂದವರ ಮನೆಗೇ ಮಂಚ ಬರುತ್ತದೆ ಎಂದೂ ಅಂದುಕೊಂಡಳು. ಅಷ್ಟರಲ್ಲಿ ಮುನಿಯಕ್ಕ ಮೆಟ್ಟಿಲ ಕಡೆ ನಡೆದಾಗಿತ್ತು. ಮಂಚ ಲಿಫ್ಟಿನಲ್ಲಿ ಹಿಡಿಯಲಿಲ್ಲ. ಅಣ್ಣತಮ್ಮ ಅದನ್ನು ಮೆಟ್ಟಿಲ ಮೇಲೆ ಓರೆ ಮಾಡ್ಕೋ, ಮೇಲೆತ್ತು, ಗೋಡೆ ಬಣ್ಣ ನೋಡ್ಕೋ ಅನ್ನುತ್ತ ಒಬ್ಬರಿಗೊಬ್ಬರು ಆಸರೆಯಾಗಿ ಇಳಿಸಿದರು. ಕೆಳಗೆ ಮರೆವ್ವನ ದನಿ ಕೇಳಿತು: "ಬರ್ರಿ ಯವ್ವಾ, ಬರ್ರಿ. ಜಾಗ ಬಳದಿಟ್ಟೀನಿ."

ಭೀಮಪ್ಪ ಬಂದು ಅಜ್ಜಿಯ ಬಟ್ಟೆಯ ಟ್ರಂಕನ್ನು ಹೊತ್ತುಕೊಂಡ, ಪಲ್ಲವಿ ಅದರ ಹಿಂದೆ ಓಡಿದಳು.

ಮಂಚ ಲಾಬಿಗೆ ಹೋದಾಗಿನಿಂದ ಮಹಾಲಕ್ಷ್ಮಿ ಆ ರೂಮಿಗೆ ಕಾಲಿಟ್ಟಿರಲಿಲ್ಲ. ಬಾಗಿಲು ಎಳೆದುಕೊಂಡೇ ಇತ್ತು. ಈಗ ಪೊರಕೆ ಹಿಡಿದು ತಳ್ಳಿದಳು. ಬಾಗಿಲು ಹಿಂದಿನ ಗೋಡೆಯನ್ನು ಮುಟ್ಟುವವರೆಗೂ ತೆರೆಯಿತು. ನೆಲದಲ್ಲಿ ಮಂಚದ ನಾಲ್ಕು ಕಾಲಿನ ಗುರುತು, ಗೋಡೆಯಲ್ಲಿ ಅತ್ತೆ ತಲೆ ಆನಿಸುತ್ತಿದ್ದ ಕಡೆ ಎಣ್ಣೆಯ ಕಲೆ. ಅವಳಿಗೆ ಅಳು ಬಂತು. ತಡೆದುಕೊಳ್ಳದೆ ಅತ್ತಳು. ತಾನು ಮಾಡಿದ್ದು ತಪ್ಪು ಎಂದು ಅವಳಿಗೆ ಗೊತ್ತಾಗಿತ್ತು. ಸಂಜೆ ಅತ್ತೆಗೆ ಸಾರು ತೆಗೆದುಕೊಂಡು ಹೋಗಬೇಕು, ಕಾಲು ಹಿಡಿದು ಕರೆಯಬೇಕು ಎಂದುಕೊಂಡಳು.

ಹಾಗೆಂದುಕೊಳ್ಳುತ್ತಿರುವಾಗಲೇ ತನ್ನ ಎಡಗೈ ಗೋಡೆಯ ಮೇಲಿರುವುದು ಅವಳಿಗೆ ಕಂಡಿತು. ಹೆಬ್ಬೆರಳು, ಕಿರುಬೆರಳು ಅಗಲವಾಗಿ ಚಾಚಿಕೊಂಡಿದ್ದವು. ಮೂಲೆಯಿಂದ ಕಿಟಕಿಯ ಕಡೆಗೆ, ಗೇಣಿನ ಮೇಲೆ ಗೇಣು ಇಟ್ಟುಕೊಂಡು, ಕೈ ತನ್ನಷ್ಟಕ್ಕೆ ಅರ್ಧ ಗೋಡೆ ದಾಟಿತ್ತು. ತೆಗೆಯಬೇಕಿತ್ತು. ತೆಗೆಯಲಿಲ್ಲ.

ಕೆಳಗಿನಿಂದ ಪಲ್ಲವಿ ಬಂದು ಹಾಲಿನಲ್ಲಿ ನಿಂತಳು. "ಅಮ್ಮ, ಅಜ್ಜಿ ಯಾವಾಗ ವಾಪಸ್ ಬರ್ತಾರೆ?"

ಮಾತಾಡಿದರೆ ಎಣಿಕೆ ತಪ್ಪುತ್ತದೆ ಎಂದು ಮಹಾಲಕ್ಷ್ಮಿ ಉತ್ತರ ಕೊಡಲಿಲ್ಲ. ಕಿಟಕಿಯವರೆಗೂ ಅಳೆದಳು. ಬಾಲ್ಕನಿಯಲ್ಲಿದ್ದ ಮೇಜು ಸರಿಯಾಗಿ ಹಿಡಿಯುತ್ತಿತ್ತು. ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುವುದಕ್ಕೂ ಜಾಗ ಉಳಿಯುತ್ತಿತ್ತು.